ಅಂಗೈ ಮೇಲಿನ ನೊಣ

ಫ್ರೀಮಾಂಟಿನಲ್ಲಿ ಯಾರ ಮನೆಯ ಊಟದಲ್ಲಿ ನೊಣ ಕಂಡರೂ ಕೀಟವಿಜ್ಞಾನಿ ಗುರುಸಿದ್ದಪ್ಪನವರು ಗದರುತ್ತಾರೆ: “ಯಾರೂ ಅಳ್ಳಾಡಬ್ಯಾಡ್ರಿ, ಮದ್ಲ ರೆಕ್ಕಿ ನೋಡೂಣು!” ಪಾಯಸ ಆರುತ್ತದೆ, ಮೊಮ್ಮಗಳು “ಅಜ್ಜಾ, ಪ್ಲೀಸ್!” ಎನ್ನುತ್ತಾಳೆ, ಅವರು ಉಸಿರೂ ಬಿಡುವುದಿಲ್ಲ. ಅವರು ವರ್ಷಗಳಿಂದ ಹುಡುಕುತ್ತಿರುವ ಅಪರೂಪದ ನೊಣವೋ ಫ್ರೀಮಾಂಟಿಗೆ ಬರುವುದೇ ಇಲ್ಲ. ಮರುಭೂಮಿಯ ಮರಳಿನಡಿ ವರ್ಷಗಟ್ಟಲೆ ಹುಳುವಾಗಿದ್ದು, ರೆಕ್ಕೆ ಬಂದಮೇಲೆ ನಾಲ್ಕಾರು ದಿನ ಬದುಕುತ್ತದೆ. ಅದರ ನೆಲೆಯ ನಕಾಶೆಯಲ್ಲಿ ಚುಕ್ಕಿ ಬೀಳಬೇಕಾದರೆ ಫೋಟೋ ಸಾಲದು, ಒಂದನ್ನು ಕೊಂದು ಸೂಜಿಗೆ ಚುಚ್ಚಿ ತರಬೇಕು. ಚುಕ್ಕಿ ಬಿದ್ದ ಮರಳುದಿಬ್ಬವನ್ನು ಕಾನೂನು ಕಾಯುತ್ತದೆ, ಚುಕ್ಕಿಯಿಲ್ಲದ ದಿಬ್ಬವನ್ನು ಬುಲ್ಡೋಜರು ಬಿಡುವುದಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಅಂಥದೊಂದು ದಿಬ್ಬದಲ್ಲಿ ಆ ನೊಣ ತಾನಾಗಿ ಬಂದು, ಅವರು ದಿನಾ ಬೆಳಿಗ್ಗೆ ಲಿಂಗವಿಟ್ಟು ಪೂಜಿಸುವ ಎಡ ಅಂಗೈ ಮೇಲೆ ಕೂತಿತು. ವಿಷದ ಸೀಸೆ ಹಿಡಿದ ಬಲಗೈ ಏಳಲೇ ಇಲ್ಲ. ನಕಾಶೆಯಲ್ಲಿ ಆ ದಿಬ್ಬ ಇನ್ನೂ ಖಾಲಿ. ಬುಲ್ಡೋಜರು ನಾಳೆ ಬರುತ್ತದಂತೆ.