ಅತ್ತೆಯ ಎಡಗಾಲು

ರಜೆಯ ದಿನ ಮಧ್ಯಾಹ್ನ ಊಟ ಮುಗಿಸಿ ಅತ್ತೆ ಮಲಗಿದರೆಂದರೆ ಅವರ ಕಾಲು ನಡೆಯಲು ಶುರುಮಾಡುತ್ತಿತ್ತು. ಹೊದ್ದ ಬಟ್ಟೆಯೊಳಗೆ ಮೊದಲು ಎಡಗಾಲಿನ ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು. ಕಿಟಕಿಯ ಪರದೆ ಉಬ್ಬಿ ಇಳಿಯುವಷ್ಟರಲ್ಲಿ ಅವರು ಎಲ್ಲೋ ಬಹಳ ದೂರ ಹೋಗಿರುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಮಕ್ಕಳ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಿದ್ದುತ್ತಾ ತಿದ್ದುತ್ತಾ ಆ ಕಾಲನ್ನೇ ನೋಡುತ್ತಾ ನನಗೂ ತೂಕಡಿಕೆ ಬರುತ್ತಿತ್ತು.

“ಎಲ್ಲಿಗೆ ಹೋದದ್ದು ಅತ್ತೆ?” ಎಂದು ಎದ್ದ ಮೇಲೆ ಕೇಳುತ್ತಿದ್ದೆ.

“ಸುಳ್ಯದ ತವರುಮನೆಗೆ. ತೋಡಿನ ನೀರು ದಾಟಿ, ಅಂಗಳ ದಾಟಿ, ಸೀದಾ ಒಳಗೆ. ಕನಸಲ್ಲಿ ಬಾಗಿಲೇ ಇಲ್ಲ ಮಾರಾಯ್ತಿ.”

ಎಚ್ಚರವಾದರೆ ಪುತ್ತೂರಿನ ನಮ್ಮ ಮನೆ ತುಂಬ ಬಾಗಿಲುಗಳೇ. ಅತ್ತೆಗೆ ಪಾರ್ಕಿನ್ಸನ್ ಕಾಯಿಲೆ. ಜಗಲಿಯಲ್ಲಿ ಹೇಗೋ ನಡೆಯುತ್ತಿದ್ದರು. ಹೊಸ್ತಿಲು ಬಂದ ಕೂಡಲೇ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ಈ ಕಾಯಿಲೆಯಲ್ಲಿ ಹಾಗೆ ಆಗುವುದುಂಟು ಎಂದು ಡಾಕ್ಟರು ಹೇಳಿದ್ದರು. ಅಂಟಿದ ಕಾಲಿಗೆ ಅತ್ತೆ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಬೈಯುತ್ತಿದ್ದರು. ನಾನು ಕಡಬ ಕಡೆಯ ತುಳು ಮನೆಯವಳು. ನಮ್ಮಿಬ್ಬರ ನಡುವಿನ ಮಾತು ಕನ್ನಡ. ಆ ಬೈಗುಳವಷ್ಟೇ ನನಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ.

ನಾವು ಸುಮ್ಮನಿರುತ್ತಿದ್ದೆವೇ? “ಬಲಗಾಲು ಅತ್ತೆ, ಬಲಗಾಲು!” ಎಂದು ಹಿಂದಿನಿಂದ ನಾನು, “ಬಲಗಾಲು ಎತ್ತಮ್ಮ” ಎಂದು ಎದುರಿನಿಂದ ನನ್ನ ಗಂಡ. ಹೊಸ್ತಿಲನ್ನು ಬಲಗಾಲಿಟ್ಟೇ ದಾಟಬೇಕೆಂಬುದನ್ನು ಈ ಮನೆಗೆ ಕಲಿಸಿದವರು ಅತ್ತೆಯೇ. ಮದುವೆಯಾಗಿ ಬಂದ ದಿನ ಗಾಬರಿಯಲ್ಲಿ ನಾನು ಎಡಗಾಲಿಟ್ಟು ಒಳಗೆ ಬಂದಿದ್ದೆ. ದಿಬ್ಬಣದವರ ಎದುರಿಗೇ ಅವರು ನನ್ನನ್ನು ಅಂಗಳಕ್ಕೆ ವಾಪಸು ಕಳಿಸಿ, ಇನ್ನೊಮ್ಮೆ ಬಲಗಾಲಿಟ್ಟು ಬರಲು ಹೇಳಿದ್ದರು. ಆ ಸಿಟ್ಟು ನನ್ನ ಹೊಟ್ಟೆಯೊಳಗೆ ಬಹಳ ಕಾಲ ಹಾಗೇ ಉಳಿದಿತ್ತು.

ಭಾನುವಾರ ಬೆಳಿಗ್ಗೆ ನಾನು ಬಸ್ಸು ಹಿಡಿದು ಕುಂಬ್ರಕ್ಕೆ ಹೋಗುತ್ತಿದ್ದೆ. ಅಲ್ಲಿ ಹೆಂಗಸರಿಗೆ ಯಕ್ಷಗಾನದ ಹೆಜ್ಜೆ ಕಲಿಸುವ ಮಾಷ್ಟ್ರೊಬ್ಬರಿದ್ದರು. ಈ ವಯಸ್ಸಿನಲ್ಲಿ ಇದೆಂತ ಹುಚ್ಚು ಎಂದು ಕೇಳಿದವರಿಗೆಲ್ಲ ಬೆನ್ನುನೋವಿಗೆ ವ್ಯಾಯಾಮ ಎಂದು ಹೇಳುತ್ತಿದ್ದೆ. ನಿಜವಾಗಿ ಹುಚ್ಚೇ. ಲೆಕ್ಕದ ಹೆಜ್ಜೆ ನನಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಮಾಷ್ಟ್ರು ಪದ ಹಾಡುತ್ತಾ ಬೇಕೆಂದೇ ಒಂದು ಸಾಲನ್ನು ಮತ್ತೆ ಎತ್ತಿಕೊಂಡರೆ, ಚೆಂಡೆ ಅವರ ಹಿಂದೆ ಓಡಿದರೆ, ನಾನು ಗರಬಡಿದವಳಂತೆ ನಿಂತುಬಿಡುತ್ತಿದ್ದೆ. ಮುಂದೆ ಯಾವ ಕಾಲು ಎಂದು ಯೋಚಿಸುವಷ್ಟರಲ್ಲಿ ತಾಳ ದಾಟಿ ಹೋಗಿರುತ್ತಿತ್ತು.

“ಟೀಚರೇ, ಕಾಲಿಗೆ ಪಾಠ ಮಾಡ್ಲಿಕ್ಕೆ ಹೋಗ್ಬೇಡಿ. ನೀವು ಹೇಳಿದಷ್ಟು ಅದು ಹೆದರ್ತದೆ. ಚೆಂಡೆ ಕೇಳಿ, ಮೈ ಸ್ವಲ್ಪ ತೂಗಿ. ಕಾಲು ಅದರಷ್ಟಕ್ಕೆ ಬರ್ತದೆ.”

“ತಪ್ಪಿದ್ರೆ?”

“ತಪ್ಪಿದ್ದನ್ನೇ ಇನ್ನೊಮ್ಮೆ ಮಾಡಿ. ಆಗ ಅದೂ ಒಂದು ಹೆಜ್ಜೆ.”

ಇದು ನನಗೆ ಒಗ್ಗಲಿಲ್ಲ. ತಪ್ಪಿಗೆ ಕೆಂಪು ಗೆರೆ ಎಳೆದು ಅಭ್ಯಾಸವಾದ ಕೈ ನನ್ನದು.

ಅಷ್ಟರಲ್ಲಿ ಪೆರಾಬೆಯಲ್ಲಿ ನಾದಿನಿಯ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಬಂತು. ಅತ್ತೆಗೆ ಅವಳೊಬ್ಬಳೇ ಮಗಳು. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುವುದೆಂದು ಗಂಡಸರು ಮಾತಾಡಿಕೊಂಡದ್ದು ಅವರ ಕಿವಿಗೆ ಬಿತ್ತು.

“ನನ್ನನ್ನು ಯಾರೂ ಹೊತ್ತುಕೊಂಡು ಹೋಗುದು ಬೇಡ. ಮಗಳ ಮನೆಗೆ ನಡೆದೇ ಹೋಗುದು ನಾನು. ಆಗದಿದ್ರೆ ಅಂಗಳದಿಂದಲೇ ವಾಪಸು ಬರ್ತೇನೆ” ಎಂದರು. ಅವರು ಹೇಳಿದರೆ ಹಾಗೇ ಮಾಡುವವರು. ವಾಪಸು ಬಂದರೆ ಮತ್ತೆಂದೂ ಆ ಕಡೆ ಹೊರಡುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು.

ಆ ದಿನ ಬೆಳಗ್ಗಿನ ಬಿಸಿಲು ಮಂಜಿನೊಳಗಿಂದ ಸೋಸಿದಂತೆ ಬರುತ್ತಿತ್ತು. ಹೋಮದ ಹೊಗೆ, ಹೊಸ ಬಣ್ಣದ ವಾಸನೆ, ಶಾಮಿಯಾನದ ಹಳದಿ ಬೆಳಕು. ಅತ್ತೆ ನನ್ನ ಕೈ ಹಿಡಿದು ಅಂಗಳ ದಾಟಿದರು, ಮೆಟ್ಟಿಲು ಹತ್ತಿದರು, ಹೂಮಾಲೆ ಹಾಕಿದ ಬಾಗಿಲಿಗೆ ಬಂದರು. ಅಲ್ಲಿ ನಿಂತರು.

“ಬಲಗಾಲು ಅಮ್ಮ” ಎಂದಳು ಒಳಗಿನಿಂದ ನಾದಿನಿ. “ಬಲಗಾಲು, ಬಲಗಾಲು” ಎಂದರು ಹಿಂದಿದ್ದವರೆಲ್ಲ. ನಾನೂ ಎಂದೆ. ಅತ್ತೆ ತಮ್ಮ ಬಲಗಾಲನ್ನೇ ದಿಟ್ಟಿಸುತ್ತಿದ್ದರು. ಅದು ಅಲುಗಲಿಲ್ಲ. ಯಾರೋ ಕುರ್ಚಿ ತಂದರು. ಅದರ ಸದ್ದು ಕೇಳಿ ಅತ್ತೆಯ ಕಣ್ಣು ತುಂಬಿತು.

ನಾನು ತಲೆ ತಗ್ಗಿಸಿದೆ. ಆಗ ಕಂಡಿತು, ಅವರ ಎಡಗಾಲಿನ ಹೆಬ್ಬೆರಳು. ಮಧ್ಯಾಹ್ನದ ನಿದ್ದೆಯಲ್ಲಿ ಅಲುಗುವ ಹಾಗೆಯೇ ಮೆಲ್ಲನೆ ಅಲುಗುತ್ತಿತ್ತು. ಎಲ್ಲಿಗೋ ಹೊರಟಿತ್ತು ಅದು. ಬಲಗಾಲು ಬಲಗಾಲು ಎಂದು ಅದನ್ನು ತಡೆದವರು ನಾವೇ.

“ಎಲ್ಲರೂ ಸ್ವಲ್ಪ ಬಾಯಿ ಮುಚ್ಚಿ ಮಾರಾಯ್ರೆ!” ಎಂದು ಗದರಿಸಿದೆ. ನನ್ನ ತರಗತಿಯ ಗಂಟಲು ಅಲ್ಲಿ ಉಪಯೋಗಕ್ಕೆ ಬಂತು. ಅತ್ತೆಯ ಪಕ್ಕದಲ್ಲಿ ನಿಂತು, ಎರಡೂ ಕೈ ಹಿಡಿದು, ಒಮ್ಮೆ ಆಚೆ ಒಮ್ಮೆ ಈಚೆ ತೂಗತೊಡಗಿದೆ. ಬಾಯಲ್ಲಿ ತಾನಾಗಿ ಬಂತು, “ತೈತ ತಕತ, ತೈತ ತಕತ.” ಯಾವ ಪದಕ್ಕೂ ಸೇರದ ತಾಳ. ಮುಂದೇನೆಂದು ನನಗೂ ಗೊತ್ತಿರಲಿಲ್ಲ. ತಪ್ಪಿತು, ಆ ತಪ್ಪನ್ನೇ ಮತ್ತೆ ಹೇಳಿದೆ. ಅತ್ತೆಯ ಭಾರ ಮೆಲ್ಲಗೆ ಬಲಗಾಲಿಗೆ ಹೋಯಿತು. ಎಡಗಾಲು ಹಗುರಾಗಿ ಎದ್ದು ಹೊಸ್ತಿಲು ದಾಟಿ ಒಳಗೆ ಇಳಿಯಿತು. ಅದರ ಹಿಂದೆಯೇ ಬಲಗಾಲು.

“ಅಯ್ಯೋ, ಎಡಗಾಲು!” ಎಂದರು ಹಿರಿಯ ಹೆಂಗಸೊಬ್ಬರು. “ಹೊರಗೆ ಬಂದು ಇನ್ನೊಮ್ಮೆ...”

ಅತ್ತೆ ನನ್ನ ಮುಖ ನೋಡಿದರು. ಅಂಗಳಕ್ಕೆ ವಾಪಸು ಹೋದ ಮದುಮಗಳು ಇಬ್ಬರಿಗೂ ಒಟ್ಟಿಗೆ ನೆನಪಾದಳು ಎಂದು ಕಾಣುತ್ತದೆ.

“ಆವತ್ತು ನಿನ್ನನ್ನು ಸುಮ್ಮನೆ ಹಿಂದೆ ಕಳಿಸಿದ್ದು ನಾನು” ಎಂದರು. ಮತ್ತೆ ಆ ಹೆಂಗಸಿನತ್ತ ತಿರುಗಿ, “ನಾನು ಹಿಂದೆ ಹೋಗುದಿಲ್ಲಕ್ಕ” ಎಂದರು. ನನಗೆ ಅಳು ಬಂತು. ಹೊಗೆಗೆ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಊಟವಾದ ಮೇಲೆ ಹೊಸ ಮನೆಯ ತಣ್ಣಗಿನ ಕೋಣೆಯಲ್ಲಿ ಅತ್ತೆ ಮಲಗಿದರು. ಕಾಲು ಬಹಳ ಹೊತ್ತು ಅಲುಗಲೇ ಇಲ್ಲ. ಆಮೇಲೆ ಒಮ್ಮೆ ಬಟ್ಟೆ ಮೆಲ್ಲಗೆ ಎದ್ದು ಇಳಿಯಿತು.

“ಕನಸಲ್ಲಿ ಇವತ್ತು ಬಾಗಿಲು ಇತ್ತು ಮಗಳೇ” ಎಂದರು ಎದ್ದ ಮೇಲೆ. “ದಾಟಿದೆ.”

“ಯಾವ ಕಾಲು ಇಟ್ಟದ್ದು ಅತ್ತೆ?”

ಅವರು ಹೊದ್ದ ಬಟ್ಟೆ ಸರಿಸಿ ಕಾಲು ಕೆಳಗಿಟ್ಟರು.

“ನೋಡ್ಲಿಲ್ಲ” ಎಂದರು.