ಏಳನೇ ನಂಬರಿನ ಎಡ ಪೆಡಲ್

ಮಲ್ಕಾ ಅವರನ್ನು ನಾನು ಮೊದಲು ನೋಡಿದ್ದು ಮಗಳ ಸೈಕಲ್ಲಿನ ಪಕ್ಕದ ಪುಟ್ಟ ಚಕ್ರಗಳನ್ನು ತೆಗೆಸಲು ಹೋದ ದಿನ. ಸಂಹಿತಾಗೆ ಏಳು ತುಂಬಿತ್ತು. ಅಪಾರ್ಟ್‌ಮೆಂಟಿನ ಉಳಿದ ಮಕ್ಕಳೆಲ್ಲ ಎರಡೇ ಚಕ್ರದ ಮೇಲೆ ಸುಯ್ಯೆಂದು ಹೋಗುತ್ತಿದ್ದರೆ ಇವಳೊಬ್ಬಳು ಗಡಗಡ ಸದ್ದು ಮಾಡುತ್ತ ಹಿಂದೆ ಉಳಿಯುತ್ತಿದ್ದಳು. ತೆಗೆಸಿದರೆ ಬಿದ್ದಾಳು, ಬಿಟ್ಟರೆ ನಗೆಪಾಟಲಾದಾಳು ಎಂದು ಎರಡು ತಿಂಗಳು ಯೋಚಿಸಿ, ಕೊನೆಗೆ ಬೇಸಿಗೆ ರಜೆಯ ಒಂದು ಬುಧವಾರ ಹೊರಟಿದ್ದೆ.

ಅಲ್ಲಾಳಸಂದ್ರ ಕೆರೆಯ ಕಡೆ ಇಳಿಯುವ ರಸ್ತೆಯಲ್ಲಿ ಒಂದು ಹೊಂಗೆಮರ, ಮರದ ಕೆಳಗೆ ತಗಡಿನ ಸೂರು, ಸೂರಿನ ಒಂದು ಪಕ್ಕಕ್ಕೆ ಹಳೆಯ ಇಟ್ಟಿಗೆ ಗೋಡೆ. ಅಷ್ಟೇ ಅಂಗಡಿ. ಬೋರ್ಡಿಲ್ಲ. ಬೋರ್ಡಿನ ಬದಲು ಗೋಡೆಯ ಮೇಲೆ ಒಂದು ಹಳೆಯ ಲೇಡೀಸ್ ಸೈಕಲ್ಲನ್ನು ತಲೆಕೆಳಗಾಗಿ ತೂಗುಹಾಕಿದ್ದರು. ಅದರ ಚಕ್ರಗಳು ಆಕಾಶಕ್ಕೆ, ಸೀಟು ನೆಲಕ್ಕೆ. ಗಾಳಿ ಬಂದಾಗ ಮುಂದಿನ ಚಕ್ರ ಒಂದಿಷ್ಟು ತಿರುಗಿ, ಏನೋ ನೆನಪಾದಂತೆ ನಿಲ್ಲುತ್ತಿತ್ತು. ಉದುರಿದ ಹೊಂಗೆಹೂವಿನ ನಡುವೆ ಮಣೆ ಹಾಕಿಕೊಂಡು, ಸೆರಗು ಬಿಗಿದು, ನಲವತ್ತೆಂಟರ ಆಸುಪಾಸಿನ ಒಬ್ಬ ಹೆಂಗಸು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು.

"ಪುಟ್ಟ ಚಕ್ರ ತೆಗೆದ್ರೆ ಸಾಲ್ದು ಮೇಡಂ," ಎಂದರು ಸೈಕಲ್ಲನ್ನೂ ಸಂಹಿತಾಳನ್ನೂ ಒಮ್ಮೆ ನೋಡಿ. "ಪೆಡಲೂ ಬಿಚ್ಬೇಕು."

"ಪೆಡಲ್ ಇಲ್ದೆ ಹೇಗ್ರೀ ಓಡಿಸ್ತಾಳೆ?"

"ಓಡ್ಸೋದು ಆಮೇಲೆ. ಮೊದ್ಲು ಬೀಳ್ದೆ ಇರೋದು ಕಲೀಲಿ. ಸೀಟು ಇಳಿಸ್ಕೊಡ್ತೀನಿ, ಕಾಲು ನೆಲಕ್ಕೆ ಎಟುಕುತ್ತೆ. ಮೂರು ದಿನ ನೆಲ ಒದ್ಕೊಂಡು ಹೋಗ್ಲಿ. ನಾಲ್ಕನೇ ದಿನ ಕಾಲೇ ಪೆಡಲ್ ಹುಡುಕುತ್ತೆ ನೋಡಿ."

ಅವರು ಸ್ಪ್ಯಾನರನ್ನು ಪೆಡಲಿನ ಬುಡಕ್ಕೆ ನೆಟ್ಟಗೆ ನಿಲ್ಲಿಸಿ ಹಿಂದಿನ ಚಕ್ರದ ಕಡೆ ತಳ್ಳಿದರು. ಬಲಗಡೆಯದು ಸಡಿಲವಾಯಿತು. ಸೈಕಲ್ಲಿನ ಆ ಪಕ್ಕಕ್ಕೆ ಹೋಗಿ ಎಡಗಡೆಯದನ್ನೂ ಹಿಂದಕ್ಕೇ ತಳ್ಳಿದರು.

"ಎರಡರ ತಿರುಪೂ ಬೇರೆಬೇರೆ. ಅದನ್ನೆಲ್ಲ ತಲೇಲಿ ಇಟ್ಕೊಂಡ್ರೆ ತಲೆ ಸುತ್ತುತ್ತೆ. ಸ್ಪ್ಯಾನರ್ ಹಿಂದಿನ ಚಕ್ರದ ಕಡೆ ಹೋದ್ರೆ ಬಿಚ್ಕೊಳ್ಳುತ್ತೆ, ಮುಂದಿನ ಚಕ್ರದ ಕಡೆ ಹೋದ್ರೆ ಬಿಗಿಯುತ್ತೆ. ನಮ್ ಅಬ್ಬಾ ಹೇಳ್ಕೊಟ್ಟಿದ್ದು ಇಷ್ಟೇ."

"ಆಂಟಿ, ನೀವೂ ಹೀಗೇ ಸೈಕಲ್ ಕಲಿತ್ರಾ?" ಎಂದಳು ಸಂಹಿತಾ.

"ನಂಗೆ ಸೈಕಲ್ ಬರಲ್ಲ ಪುಟ್ಟಾ."

"ಸೈಕಲ್ ಅಂಗಡಿ ಆಂಟಿಗೆ ಸೈಕಲ್ಲೇ ಬರಲ್ವಾ!" ಎಂದು ಅವಳು ನಕ್ಕುಬಿಟ್ಟಳು. ನಾನು ಅವಳ ಭುಜ ಹಿಡಿದು ಗದರಿಸಿದೆ. ಮಲ್ಕಾ ಮಾತ್ರ ತಾವೂ ನಕ್ಕು, ಗಲ್ಲ ಎತ್ತಿ ಗೋಡೆಯ ಕಡೆ ತೋರಿಸಿದರು. "ನನ್ ಸೈಕಲ್ ಅಗೋ ಅಲ್ಲಿದೆ. ಇನ್ನೂ ಕೆಳಗಿಳಿದಿಲ್ಲ."

ಆ ಮೂರು ದಿನ ಬೆಳಿಗ್ಗೆ ಸಂಜೆ ನಾನು ಅಲ್ಲೇ ಇದ್ದೆ. ಅಂಗಡಿಯ ಮುಂದಿನ ರಸ್ತೆಯಲ್ಲಿ ಮಗಳು ನೆಲ ಒದೆಯುತ್ತ ಹೋಗಿಬರುವಾಗ ಕಣ್ಣು ಅವಳ ಮೇಲೆ, ಕಿವಿ ಮಲ್ಕಾ ಅವರ ಮೇಲೆ. ಅವರ ಕಥೆ ನನಗೆ ಸಿಕ್ಕಿದ್ದು ಹಾಗೆ, ತುಂಡುತುಂಡಾಗಿ, ನಡುನಡುವೆ "ಸಂಹಿತಾ, ನಿಧಾನ!" ಎಂದು ನಾನು ಕೂಗುವುದರ ಮಧ್ಯೆ.

ಅವರ ತಂದೆ ಅಕ್ಬರ್ ಪಾಷಾ ಅದೇ ಮರದ ಕೆಳಗೆ ಬಾಡಿಗೆ ಸೈಕಲ್ ಇಟ್ಟಿದ್ದರು. ಒಟ್ಟು ಒಂಬತ್ತು. ಬಾಡಿಗೆಗೆ ಒಯ್ದವರು ಒಳ್ಳೆಯ ಭಾಗ ಬಿಚ್ಚಿ ಸವೆದದ್ದನ್ನು ಹಾಕಿ ತರುತ್ತಾರೆಂದು ಪ್ರತಿ ಸೈಕಲ್ಲಿನ ಕ್ರ್ಯಾಂಕಿನ ಮೇಲೆ, ಅಂದರೆ ಪೆಡಲನ್ನು ಹಿಡಿದಿರುವ ಕಬ್ಬಿಣದ ತೋಳಿನ ಮೇಲೆ, ಉಳಿಯಿಂದ ನಂಬರ್ ಕೊರೆದಿದ್ದರು. ಏಳನೆಯದು ಲೇಡೀಸ್ ಸೈಕಲ್. ಆಗಿನ ಅಲ್ಲಾಳಸಂದ್ರದಲ್ಲಿ ಅದನ್ನು ಕೇಳಿಕೊಂಡು ಬರುವವರೇ ಇರಲಿಲ್ಲ. ಅದಕ್ಕೇ ಅದನ್ನು ಗೋಡೆಗೆ ಏರಿಸಿ ಅಂಗಡಿಯ ಗುರುತು ಮಾಡಿದರು. ಗೋಡೆಗೆ ಒತ್ತಿ ಕೂರಲೆಂದು ಬಲ ಪೆಡಲನ್ನು ಕಳಚಿದರು. ಎಡದ್ದು ಉಳಿಯಿತು.

ಹನ್ನೆರಡು ವರ್ಷದ ಮಲ್ಕಾ ಅದನ್ನು ಇಳಿಸಿಕೊಡಿ ಎಂದು ಹಟ ಹಿಡಿದಳು. ದಿನಾ ಕೇಳಿದಳು. ಒಂದು ದಿನ ಪಾಷಾ ಅವಳ ಕೈಗೆ ಸ್ಪ್ಯಾನರ್ ಕೊಟ್ಟು, "ಆ ಎಡ ಪೆಡಲ್ ಬಿಚ್ಚಿಕೊಡು. ಬಿಚ್ಚಿದ ದಿನ ಸೈಕಲ್ ನಿಂದು," ಎಂದರು. ಹೇಗೆ ಬಿಚ್ಚುವುದೆಂದೂ ಹೇಳಿಕೊಟ್ಟರು: ಹಿಂದಿನ ಚಕ್ರದ ಕಡೆ ತಳ್ಳು.

"ಡ್ರಮ್ಮು ಹತ್ತಿ ನಿಂತ್ಕೊಂಡು ತಳ್ತಿದ್ದೆ ಮೇಡಂ. ಸ್ಕೂಲಿಂದ ಬಂದ ತಕ್ಷಣ ಅದೇ ಕೆಲ್ಸ. ಅಮ್ಮ ಬೈದ್ರೆ ಬಂದು ತಳ್ಳೋದು, ಪರೀಕ್ಷೇಲಿ ಕಮ್ಮಿ ಬಂದ್ರೆ ಬಂದು ತಳ್ಳೋದು. ಅಬ್ಬಾ ಟೀ ಕುಡೀತಾ ನೋಡ್ತಿದ್ರು. ಕೈ ಬೊಬ್ಬೆ ಬರೋದು, ಅದು ಮಾತ್ರ ಅಲ್ಲಾಡ್ತಿರ್ಲಿಲ್ಲ."

ಸುಸ್ತಾದಾಗ ಡ್ರಮ್ಮಿನ ಮೇಲೆಯೇ ಕೂತು ಚಕ್ರವನ್ನು ಬೆರಳಿಂದ ತಿರುಗಿಸುತ್ತಿದ್ದರಂತೆ. ಚಕ್ರದ ಮೇಲೆ ಆಕಾಶವಿರುತ್ತಿತ್ತಲ್ಲ, ಹಾಗಾಗಿ ಆ ಸೈಕಲ್ ಆಕಾಶದ ಮೇಲೆಯೇ ಓಡುತ್ತಿದೆ ಅನ್ನಿಸುತ್ತಿತ್ತಂತೆ. ಮೋಡ ಬಂದರೆ ಉಬ್ಬು, ಬಿಸಿಲಾದರೆ ಡಾಂಬರು ರಸ್ತೆ. ಯಲಹಂಕದ ವಾಯುಸೇನೆಯ ವಿಮಾನವೊಂದು ಹೋದರೆ ಎದುರಿಗೆ ಲಾರಿ ಬಂದಂತೆ ಬೆಲ್ ಒತ್ತುತ್ತಿದ್ದರಂತೆ. "ಆ ರಸ್ತೇಲಿ ನಾನು ಬಾಳ ದೂರ ಹೋಗಿದ್ದೀನಿ ಮೇಡಂ," ಎಂದರು ಟ್ಯೂಬಿಗೆ ತೇಪೆ ಒತ್ತುತ್ತ.

ಹದಿನಾರಕ್ಕೆ ತಳ್ಳುವುದನ್ನು ಬಿಟ್ಟರು. ಪಾಷಾ ಅವರ ಕಣ್ಣು ಮಂಜಾದ ಮೇಲೆ ನಿಜವಾದ ಕೆಲಸ ಕಲಿಯಬೇಕಾಯಿತು. ಮದುವೆಯಾಗಿ ಚಿಕ್ಕಜಾಲಕ್ಕೆ ಹೋದರು, ಗಂಡ ತೀರಿಕೊಂಡ ಮೇಲೆ ಮತ್ತೆ ಇದೇ ಮರದ ಕೆಳಗೆ ಬಂದು ಕೂತರು. ತಂದೆ ಹೋದರು. ಬೇರೆಯವರ ಸೈಕಲ್ಲುಗಳ ಪೆಡಲುಗಳನ್ನು ಎಷ್ಟು ಬಿಚ್ಚಿದರೋ. ಗೋಡೆಯ ಮೇಲಿನದಕ್ಕೆ ಮಾತ್ರ ಮತ್ತೆ ಕೈ ಹಾಕಲಿಲ್ಲ.

ಈಗ ಹಾಕಲೇಬೇಕಿತ್ತು. ಆ ಇಟ್ಟಿಗೆ ಗೋಡೆ ಪಕ್ಕದ ಸೈಟಿನವರದು. ಮುಂದಿನ ವಾರ ಕೆಡವುತ್ತೇವೆಂದು ಹೇಳಿಹೋಗಿದ್ದರು. ಮಲ್ಕಾ ಅವರ ತಮ್ಮ ಅಬ್ರಾರ್, ತಣಿಸಂದ್ರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವವನು, ಬುಧವಾರ ಸಂಜೆಯೇ ಬಂದ. ಅಕ್ಕ ತಮ್ಮ ಮನೆಮಾತಿನಲ್ಲಿ ಜಗಳ ಶುರುಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದರು.

"ಆ ಸೈಕಲ್ ಕೊಡ್ತೀನಿ ಅಂತ ಒಂದು ಕೆಫೆಯವರಿಗೆ ಮಾತು ಕೊಟ್ಟಿದ್ದೀನಿ ಆಪಾ. ಭಾನುವಾರ ಬೆಳಿಗ್ಗೆ ಗಾಡಿ ತರ್ತೀನಿ. ಬಿಳಿ ಪೇಂಟ್ ಹೊಡೆದು ಹೂಕುಂಡ ಇಟ್ಟು ಗೋಡೆಗೆ ಹಾಕ್ತಾರಂತೆ. ಚೆನ್ನಾಗಿರುತ್ತೆ."

"ಮತ್ತೆ ಗೋಡೆಗಾ? ನಾನು ಓಡಿಸ್ತೀನಿ ಅದನ್ನ."

"ಯಾವಾಗ? ಮುಂದಿನ ಜನ್ಮದಲ್ಲಾ?"

"ಕಲೀತೀನಿ ಕಣೋ. ಈ ಮಗು ಕಲೀತಿಲ್ವಾ?"

"ಒಂದು ಪೆಡಲ್ ಇಲ್ಲ, ಇನ್ನೊಂದು ಸೊಟ್ಟ ಆಗಿ ತುಕ್ಕು ಹಿಡಿದು ಕೂತಿದೆ. ಕ್ರ್ಯಾಂಕೇ ಕಿತ್ತು ಬೇರೆ ಹಾಕ್ತೀಯಾ?"

"ಅಬ್ಬಾ ಕೊರೆದ ನಂಬರ್ ಇದೆ ಅದರ ಮೇಲೆ. ಅದನ್ನ ಕಿತ್ತು ಎಲ್ಲಿ ಎಸೀಲಿ?"

ಅಬ್ರಾರ್ ಗೋಡೆಯ ಕಡೆ ತಿರುಗಿ, "ಸರಿ, ಅಬ್ಬಾ ಹೇಳಿದ್ದನ್ನೇ ನಾನೂ ಹೇಳ್ತೀನಿ," ಎಂದ. "ಭಾನುವಾರದೊಳಗೆ ಆ ಪೆಡಲ್ ಬಿಚ್ಚಿದ್ರೆ ನಿಂದು. ಇಲ್ದಿದ್ರೆ ಕೆಫೆಗೆ. ಕ್ರ್ಯಾಂಕ್ ಕೊಯ್ಯಂಗಿಲ್ಲ, ಮುರಿಯಂಗಿಲ್ಲ."

"ಆಯ್ತು ಹೋಗೋ," ಎಂದರು ಮಲ್ಕಾ.

ಮೂವತ್ತಾರು ವರ್ಷಗಳ ಮೇಲೆ ಏಳನೇ ನಂಬರು ನೆಲಕ್ಕಿಳಿಯಿತು. ಅದನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದಾಗ, ಬಹಳ ದಿನ ಮಲಗಿದ್ದವರು ಎದ್ದು ಕೂತಾಗ ಮುಖ ಹೇಗಿರುತ್ತದೋ ಹಾಗೆ ಕಂಡಿತು. ಮಲ್ಕಾ ಅವಸರ ಮಾಡಲಿಲ್ಲ. ಪೆಡಲಿನ ಬುಡಕ್ಕೆ ಬೆಳಿಗ್ಗೆ ನಾಲ್ಕು ಹನಿ ಸೀಮೆಎಣ್ಣೆ, ಸಂಜೆ ನಾಲ್ಕು ಹನಿ ಇಂಜಿನ್ ಆಯಿಲ್. ಸುತ್ತಿಗೆಯಿಂದ ಮಗುವಿನ ಬೆನ್ನು ತಟ್ಟುವಂತೆ ಟಕ್ ಟಕ್. ನಂತರ ಸ್ಪ್ಯಾನರ್ ಇಟ್ಟು ಹಿಂದಕ್ಕೆ ಒಂದು ತಳ್ಳು. ಬರದಿದ್ದರೆ ಕೈಬಿಟ್ಟು ಬೇರೆ ಕೆಲಸ.

ಗುರುವಾರ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ.

"ಪೈಪ್ ಸೇರಿಸಿ ಜೋರಾಗಿ ತಳ್ಳಬಾರದಾ?" ಎಂದು ನಾನು ತಡೆಯಲಾರದೆ ಕೇಳಿದೆ.

"ತುಕ್ಕು ತಿಂದ ಕಬ್ಬಿಣದ ಮೇಲೆ ಭಾರ ಹಾಕಬಾರ್ದು ಮೇಡಂ. ಒಳಗಿನ ತಿರುಪು ಪುಡಿ ಆಗಿದ್ರೆ ಪಟ್ ಅಂತ ತುಂಡಾಗುತ್ತೆ. ಆಮೇಲೆ ಕ್ರ್ಯಾಂಕೂ ಇಲ್ಲ, ಸೈಕಲ್ಲೂ ಇಲ್ಲ. ತಾನಾಗೇ ಬಿಡ್ಬೇಕು ಅದು."

ಶನಿವಾರ ಮಧ್ಯಾಹ್ನ ಸಂಹಿತಾಳ ಸೈಕಲ್ಲಿಗೆ ಪೆಡಲ್ ಹಾಕುವ ದಿನ. ನನ್ನ ಗಂಡ ಕಶ್ಯಪ್ ರಜೆಯಲ್ಲಿದ್ದುದರಿಂದ ಜೊತೆಗೆ ಬಂದಿದ್ದರು. ತಾವೇ ಹಾಕುತ್ತೇನೆಂದು ಹುರುಪಿನಿಂದ ಸ್ಪ್ಯಾನರ್ ಕೇಳಿ ಪಡೆದು, ಸೈಕಲ್ಲನ್ನು ತಲೆಕೆಳಗೆ ಮಾಡಿ ಸೀಟಿನ ಮೇಲೆ ನಿಲ್ಲಿಸಿದರು. ಪೆಡಲನ್ನು ಕೈಯಿಂದ ಕೂರಿಸಿ, ನಾನು ಹೇಳಿಕೊಟ್ಟ ಲೆಕ್ಕದಂತೆ ಬಿಗಿಯಲು ಮುಂದಿನ ಚಕ್ರದ ಕಡೆ ತಳ್ಳಿದರು. ತಳ್ಳಿದಷ್ಟೂ ಪೆಡಲ್ ಆಚೆ ಬಂತು.

"ಏನಿದು, ಬಿಗೀತಿದ್ದೀನಿ, ಬಿಚ್ಕೋತಿದೆ!"

ಮಲ್ಕಾ ಪಂಪ್ ಹೊಡೆಯುವುದನ್ನು ನಿಲ್ಲಿಸಿ ನಕ್ಕರು. "ಅಯ್ಯೋ ಸಾರ್, ಸೈಕಲ್ ನಿಂತಿದ್ರೆ ಆ ಲೆಕ್ಕ. ತಲೆಕೆಳಗೆ ಮಾಡಿದ್ಮೇಲೆ ಎಲ್ಲಾ ಉಲ್ಟಾ ಅಲ್ವಾ? ಮುಂದಕ್ಕೆ ತಳ್ಳಿದ್ರೆ ಬಿಚ್ಚುತ್ತೆ. ಹಿಂದಕ್ಕೆ ತಳ್ಳಿದ್ರೆ..."

ಮಾತು ಅಲ್ಲಿಗೇ ನಿಂತಿತು.

ಮಲ್ಕಾ ಗೋಡೆಯ ಮೇಲಿನ ಖಾಲಿ ಕೊಕ್ಕೆಗಳನ್ನು ನೋಡುತ್ತಿದ್ದರು. ಬಲಗೈ ತನ್ನಷ್ಟಕ್ಕೆ ಮೇಲೆದ್ದು, ಅಲ್ಲಿಲ್ಲದ ಒಂದು ಸ್ಪ್ಯಾನರನ್ನು ಹಿಡಿದು, ಹಿಂದಿನ ಚಕ್ರ ಇರುತ್ತಿದ್ದ ಕಡೆ ತಳ್ಳಿತು. ಮತ್ತೊಮ್ಮೆ ತಳ್ಳಿತು.

"ನಾನೇ," ಎಂದರು. "ನಾಲ್ಕು ವರ್ಷ. ನಾನೇ ಬಿಗಿದಿದ್ದು."

ಕಶ್ಯಪ್ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ನನಗೆ ಅರ್ಥವಾಗಿತ್ತು: ಗೋಡೆಯ ಮೇಲೆ ಆ ಸೈಕಲ್ ತಲೆಕೆಳಗಾಗಿಯೇ ಇತ್ತಲ್ಲ. ಮಲ್ಕಾ ಮಣೆಯ ಮೇಲೆ ಕೂತು ನಗತೊಡಗಿದರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಸಂಹಿತಾ ಹೆದರಿ ನನ್ನ ಪಕ್ಕಕ್ಕೆ ಸರಿದಳು.

"ನಿಮ್ಮ ತಂದೆಗೆ ಗೊತ್ತಿರಲಿಲ್ವಾ?" ಎಂದೆ.

"ಟೀ ಕುಡೀತಾ ನೋಡ್ತಿದ್ರು ಮೇಡಂ. ಅವರಿಗೆ ಗೊತ್ತಿಲ್ದೆ ಇರುತ್ತಾ?" ಸೆರಗಿನಿಂದ ಕೈ ಒರೆಸಿಕೊಂಡು, "ಇಳಿಸಿಕೊಟ್ರೆ ಜನ ಏನಂತಾರೋ ಅಂತ ಭಯ ಇತ್ತೇನೋ. ಕೊಡಲ್ಲ ಅನ್ನೋಕೂ ಬಾಯಿ ಬರ್ಲಿಲ್ಲವೇನೋ," ಎಂದರು. ಹಣೆಯ ಮೇಲೆ ಬಿದ್ದ ಹೊಂಗೆಹೂವನ್ನು ತೆಗೆಯಲಿಲ್ಲ. "ಹೇಳಿದ್ರೆ ನಾನು ಅರ್ಥ ಮಾಡ್ಕೋತಿದ್ದೆ. ಅಷ್ಟು ದಡ್ಡಿ ಆಗಿರ್ಲಿಲ್ಲ."

ಒಂದು ವಿಮಾನ ದೇವನಹಳ್ಳಿಯ ಕಡೆ ಇಳಿಯುತ್ತ ಹೋಯಿತು. ಮಲ್ಕಾ ಅದು ಮರೆಯಾಗುವವರೆಗೆ ನೋಡಿದರು. ಆಮೇಲೆ ಅವರು ಎದ್ದು ಸೆರಗು ಬಿಗಿದರು.

"ಹಂಗಾದ್ರೆ ಇದು ಬರೀ ತುಕ್ಕಲ್ಲ. ಬಿಗಿ. ಬಿಗಿಯಾಗಿ ಕೂತಿದ್ರೆ ಒಳಗೆ ತಿರುಪು ಗಟ್ಟಿ ಇದೆ ಅಂತ. ಭಾರ ಹಾಕಬಹುದು."

ಹಳೆಯ ಟ್ಯೂಬಿನ ಪಟ್ಟಿಯಿಂದ ಕ್ರ್ಯಾಂಕನ್ನು ಸೈಕಲ್ಲಿನ ಚೌಕಟ್ಟಿಗೆ ಬಿಗಿಯಾಗಿ ಕಟ್ಟಿದರು. ಸ್ಪ್ಯಾನರಿಗೆ ಎರಡು ಮೊಳದ ಕಬ್ಬಿಣದ ಪೈಪ್ ತೊಡಿಸಿ, ಅದು ಹಿಂದಿನ ಚಕ್ರದ ಕಡೆ ಚಾಚುವಂತೆ ಇಟ್ಟರು. ಕಶ್ಯಪ್ ಹ್ಯಾಂಡಲ್ ಹಿಡಿದರು, ನಾನು ಸೀಟು. ಮಲ್ಕಾ ಪಕ್ಕದ ಚಹಾ ಅಂಗಡಿಯಿಂದ ಕುದಿಯುವ ನೀರು ತಂದು ಕ್ರ್ಯಾಂಕಿನ ಮೇಲೆ ಸುರಿದರು. ಆವಿ ಏಳುತ್ತಿರುವಾಗಲೇ ಎರಡೂ ಅಂಗೈಗಳನ್ನು ಪೈಪಿನ ತುದಿಯ ಮೇಲಿಟ್ಟು, ಪೂರ್ತಿ ಮೈಯನ್ನು ಕೆಳಕ್ಕೆ ಬಿಟ್ಟರು.

"ಹನ್ನೆರಡು ವರ್ಷದವಳು ಬಿಗಿದಿದ್ದು," ಎಂದು ಹಲ್ಲು ಕಚ್ಚಿ ಹೇಳಿದರು. "ಬಾರೇ. ಬಿಡೇ ಸಾಕು."

ಮೊದಲು ಏನೂ ಆಗಲಿಲ್ಲ. ಆಮೇಲೆ ಒಣಗಿದ ಬಾಗಿಲು ತೆರೆದಂಥ ಒಂದು ಕೀರಲು ಸದ್ದು ಬಂತು, ಪೈಪ್ ಒಂದು ಗೇಣು ಇಳಿಯಿತು. ಇನ್ನೊಮ್ಮೆ ಭಾರ ಹಾಕಿದರು, ಮತ್ತೊಂದು ಗೇಣು. ಆಮೇಲೆ ಬರಿ ಬೆರಳಿಗೇ ತಿರುಗತೊಡಗಿತು. ಪೆಡಲ್ ಕೈಗೆ ಬಂದಾಗ ಅದರ ತಿರುಪು ಎಣ್ಣೆಯಲ್ಲಿ ಮಿರುಗುತ್ತಿತ್ತು, ಒಂದು ಎಳೆಯೂ ಮುರಿದಿರಲಿಲ್ಲ.

ಭಾನುವಾರ ಆರೂವರೆಗೆ ನಾವು ಹೋದಾಗ ಅಬ್ರಾರ್ ಗೂಡ್ಸ್ ಆಟೋ ನಿಲ್ಲಿಸಿಕೊಂಡು ಅಕ್ಕನ ಜೊತೆ ವಾದಿಸುತ್ತಿದ್ದ. ಸೊಟ್ಟ ಪೆಡಲ್ ಅವನ ಅಂಗೈಯಲ್ಲಿತ್ತು.

"ನಾನು ಮಾತು ಕೊಟ್ಟಿದ್ದೀನಲ್ಲ ಆಪಾ. ಅವರು ಗೋಡೆಗೆ ಮೊಳೆ ಕೂಡ ಹೊಡೆದಿದ್ದಾರೆ."

"ನೀನು ನಂಗೂ ಮಾತು ಕೊಟ್ಟಿದ್ದೆ. ಮೊಳೆಗೆ ಹೂಕುಂಡ ಒಂದೇ ತಗಲಾಕ್ಲಿ."

"ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡೋದು?"

"ನೀನೇ. ಇನ್ಯಾರು?"

ಹೊಸ ಟೈರು, ಬ್ರೇಕು ಹಾಕಿ ಸೀಟನ್ನು ಪೂರ್ತಿ ಇಳಿಸಿದ್ದರು. ಎರಡೂ ಕ್ರ್ಯಾಂಕುಗಳು ಬೋಳಾಗಿದ್ದವು. ಮಲ್ಕಾ ಸೀರೆ ಎತ್ತಿ ಸಿಕ್ಕಿಸಿ ಕೂತು, ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಮೆಲ್ಲಗೆ ಒತ್ತಿದರು. ಸೈಕಲ್ ಒಂದಡಿ ಹೋಯಿತು. ಇನ್ನೊಮ್ಮೆ ಒತ್ತಿದರು. ಸಂಹಿತಾ ತನ್ನ ಸೈಕಲ್ಲನ್ನು ಪೆಡಲ್ ಮಾಡುತ್ತ ಪಕ್ಕದಲ್ಲೇ ಹೊರಟಳು. ನಾನು ಕೂಗಲು ಬಾಯಿ ತೆರೆದವಳು ಕೂಗಲಿಲ್ಲ.

"ಆಂಟಿ, ಕೆಳಗೆ ನೋಡಬಾರ್ದು! ಮುಂದೆ ನೋಡಿ!"

"ಗೊತ್ತು ಕಣಮ್ಮಾ, ನಿಂಗೆ ಹೇಳ್ಕೊಟ್ಟಿದ್ದೇ ನಾನು!"

ಹೊಂಗೆಮರ ದಾಟಿದ ಮೇಲೆ ರಸ್ತೆ ಕೆರೆಯ ಕಡೆ ಇಳಿಜಾರು. ಕೆರೆಯ ಮೇಲೆ ಇನ್ನೂ ತೆಳ್ಳಗೆ ಮಂಜಿತ್ತು. ನೀರು ಎಲ್ಲಿ ಮುಗಿದು ಬೆಳಕು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಅವರ ಕಾಲುಗಳು ಎರಡು ಸಲ, ಮೂರು ಸಲ ನೆಲ ಮುಟ್ಟಿದವು. ನಾಲ್ಕನೇ ಸಲ ಮುಟ್ಟಲಿಲ್ಲ. ಎರಡೂ ಕಾಲು ಪಕ್ಕಕ್ಕೆ ಚಾಚಿಕೊಂಡವು, ಸೀರೆಯ ಅಂಚು ಗಾಳಿಗೆ ಎದ್ದಿತು, ಒಂದು ಚಪ್ಪಲಿ ಜಾರಿ ರಸ್ತೆಯ ಮಧ್ಯೆ ಬಿತ್ತು.

"ಆಪಾ, ಬ್ರೇಕ್! ಬ್ರೇಕ್ ಹಿಡಿ!" ಎಂದು ಕಿರುಚುತ್ತ ಅಬ್ರಾರ್ ಓಡಿದ. ಚಪ್ಪಲಿಯ ಹತ್ತಿರ ಗಕ್ಕನೆ ನಿಂತು, ಬಾಗಿ ಎತ್ತಿಕೊಂಡು, ಅದನ್ನು ಕೈಯಲ್ಲಿ ಹಿಡಿದೇ ಮತ್ತೆ ಓಡಿದ.

ಮಲ್ಕಾ ಬ್ರೇಕ್ ಹಿಡಿಯಲಿಲ್ಲ.