ಮೊದಲು ತಲೆ ಬಾಗುವವರು

ಮೊನ್ನೆ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತ ಅಜ್ಜಿಯೊಬ್ಬಳ ಮೊಣಕಾಲಿನಿಂದ ಒಂದು ವಾಸನೆ ಬಂತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ, ಅದರಲ್ಲಿ ಕರಗಿಸಿದ ಕರ್ಪೂರ. ಸುತ್ತಲಿನವರು ಸ್ವಲ್ಪ ಸರಿದು ಕೂತರು. ನಾನು ಮಾತ್ರ ಕಾರವಾರದ ಬಸ್ಸು ಬಂದು ಹೋದರೂ ಏಳದೆ ಅಲ್ಲೇ ಉಳಿದೆ. ಅಂಥ ಎಣ್ಣೆಯನ್ನು ನಾನು ಮೊದಲು ಕಂಡಿದ್ದು ನಮ್ಮ ಮಾಸ್ತರ ಕೈಯಲ್ಲಿ...

ಮಾಸ್ತರು ಎಂದರೆ ಶಾಲೆಯ ಮಾಸ್ತರಲ್ಲ. ಹಗಲು ಕಾರವಾರದ ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಯಲ್ಲಿ ಕೆಲಸ, ಸಂಜೆ ಕಡಲ ದಂಡೆಯಲ್ಲಿ ನಮಗೆ ಕೆಂಪೋ ಕಲಿಸುವುದು. ಕೆಂಪೋ ಅಂದರೆ ಮುಷ್ಟಿಯ ದಾರಿ, ಕರಾಟೆಯ ದಾಯಾದಿ ಎಂದು ಅರ್ಥ ಹೇಳುತ್ತಿದ್ದರು. ನೀರು ಇಳಿದು ಮರಳು ಗಟ್ಟಿಯಾದ ಹೊತ್ತಿಗೇ ಕ್ಲಾಸು. ಹಾಗಾಗಿ ಈ ವಾರದ ಹೊತ್ತು ಮುಂದಿನ ವಾರ ಇರುತ್ತಿರಲಿಲ್ಲ. ಮೀನು ಮಾರಿ ಬಂದ ನನ್ನ ಅಮ್ಮ, ಸಮುದ್ರವನ್ನು ಕೇಳಿ ಗಂಟೆ ಹೊಡೆಯುವ ಶಾಲೆ ಇದೊಂದೇ ಎಂದು ಗೊಣಗುತ್ತಿದ್ದಳು. ಕಾಲೇಜಿಗೆ ಹೋಗುವ ಮಗಳು ಒದೆಯುವುದನ್ನು ಕಲಿತರೆ ಗಂಡು ಸಿಗುವುದು ಕಷ್ಟ ಎಂಬುದು ಅವಳ ನಿಜವಾದ ಚಿಂತೆ.

ಕಲಿಸಿದ್ದು ಬಹಳವೇನೂ ಅಲ್ಲ. ಬಂದ ಹೊಡೆತಕ್ಕೆ ಎದುರು ನಿಲ್ಲಬೇಡ, ಓರೆಯಾಗಿ ಸರಿ. ಅದನ್ನು ಒಂದು ಕೈಯಿಂದ ಬದಿಗೆ ತಳ್ಳುವಾಗಲೇ ಇನ್ನೊಂದು ಕೈ ಹೊಡೆಯಲಿ. ಹೊಡೆಯಲು ಬಂದವನ ಮಣಿಕಟ್ಟು ಹಿಡಿದು ತಿರುಗಿಸಿ ನೆಲ ತೋರಿಸು. ನೀನೇ ಬಿದ್ದರೆ ತಲೆ ಬಡಿಯದಂತೆ ಅಂಗೈಯಿಂದ ನೆಲಕ್ಕೆ ಬಡಿ. ಇಷ್ಟನ್ನೇ ವರ್ಷಗಟ್ಟಲೆ ತಿಕ್ಕಿಸಿದರು. ಜಪಾನಿ ಹೆಸರುಗಳು ಅವರ ಬಾಯಿಗೆ ಹತ್ತುತ್ತಿರಲಿಲ್ಲವೋ ಏನೋ, ಕೈಯಿಂದ ಬದಿಗೆ ತಳ್ಳುವುದಕ್ಕೆ ‘ಬಾಗಿಲು ತೆಗೆ’ ಎನ್ನುತ್ತಿದ್ದರು. ಕಾಲು ಬಾತುಕೊಂಡರೆ ಬೈಯುತ್ತಾ ಬೈಯುತ್ತಾ ಆ ಎಣ್ಣೆ ತಿಕ್ಕುತ್ತಿದ್ದರು.

ಅವರ ಬೈಗುಳದ ದೊಡ್ಡ ಪಾಲು ಮಾತ್ರ ಅಂಕೋಲೆಗೆ ಮೀಸಲಾಗಿತ್ತು. ಅಲ್ಲಿ ಇನ್ನೊಬ್ಬರು ಕೆಂಪೋ ಕಲಿಸುತ್ತಿದ್ದರು. ಇಬ್ಬರೂ ಹರೆಯದಲ್ಲಿ ಜೀವದ ಗೆಳೆಯರು. ಗೋವೆಯಲ್ಲಿದ್ದ ಒಬ್ಬನೇ ಗುರುವಿನ ಹತ್ತಿರ ಒಂದೇ ದಿನ ಸೇರಿದವರು, ಅರ್ಗಾದ ದಂಡೆಯ ಮೇಲೆ ಒಟ್ಟಿಗೆ ಬಿದ್ದು ಎದ್ದವರು. ಆ ದಂಡೆ ಈಗ ನೌಕಾನೆಲೆಯ ಗೋಡೆಯೊಳಗಿದೆ. ಗುರು ತೀರಿಕೊಂಡ ಮೇಲೆ ಒಬ್ಬರು ಒಂದು ಸಂಘಕ್ಕೆ, ಇನ್ನೊಬ್ಬರು ಇನ್ನೊಂದಕ್ಕೆ ಹೋದರು. ಗುರು ಹೇಳಿಕೊಟ್ಟ ಹೆಜ್ಜೆ ತನ್ನದೇ ಎಂದು ಇಬ್ಬರ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಒಬ್ಬರ ಮನೆಗೊಬ್ಬರು ಹೋಗುವುದೂ ನಿಂತಿತು.

ಜಗಳ ಹಳತಾದರೂ ಹೋಗದಿರುವುದಕ್ಕೆ ಒಂದು ಕಾರಣವಿತ್ತು. ಈ ವಿದ್ಯೆಯಲ್ಲಿ ಇನ್ನೊಬ್ಬರ ಅಂಗಳಕ್ಕೆ ಕಾಲಿಟ್ಟವನೇ ಮೊದಲು ತಲೆ ಬಾಗಬೇಕು. ಮೊದಲು ಬಾಗಿದವನು ಕಿರಿಯ ಎಂದು ಲೆಕ್ಕ. ಒಂದೇ ದಿನ ಸೇರಿದ ಇವರಲ್ಲಿ ಕಿರಿಯನಾಗಲು ಯಾರೂ ತಯಾರಿರಲಿಲ್ಲ. ಆದ್ದರಿಂದ ಕಾರವಾರದವರು ಅಂಕೋಲೆಗೆ ಹೋಗಲಿಲ್ಲ, ಅಂಕೋಲೆಯವರು ಕಾರವಾರಕ್ಕೆ ಬರಲಿಲ್ಲ. ಒಂದು ಗಂಟೆಯ ಬಸ್ಸಿನ ದಾರಿ ಅದು. ಗಂಡಸರ ಈ ಹಠ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನನಗೆ ಅಗಸೂರಿನ ಕಡೆ ಶಾಲೆಯಲ್ಲಿ ಕೆಲಸ ಸಿಕ್ಕಿ ಅಂಕೋಲೆಯಲ್ಲಿ ಮನೆ ಮಾಡಿದಾಗ, ಅಲ್ಲಿಯ ಕ್ಲಾಸಿಗೆ ಹೋಗಲೇ ಎಂದು ಮಾಸ್ತರನ್ನೇ ಕೇಳಿದೆ. ಉರಿದು ಬೀಳುತ್ತಾರೆ ಅಂದುಕೊಂಡಿದ್ದೆ. ಅವರು ಸಮುದ್ರದ ಕಡೆ ನೋಡುತ್ತಾ, ಹೋಗು, ಆದರೆ ಭಾನುವಾರ ಬಂದು ನೋಡಿದ್ದೆಲ್ಲ ಹೇಳಬೇಕು ಅಂದರು.

ಅಂಕೋಲೆಯ ಸರ್ ಸಣಕಲು ಮನುಷ್ಯ, ಮಾತು ಕಡಿಮೆ. ಕ್ಲಾಸು ಒಂದು ಸಿಮೆಂಟು ನೆಲದ ಹಾಲಿನಲ್ಲಿ. ಮೊದಲ ಸಂಜೆ ನಾನು ಓರೆ ಹೆಜ್ಜೆ ಹಾಕಿದ್ದೇ ತಡ, ಅವರು ಎಣಿಕೆ ನಿಲ್ಲಿಸಿದರು.

“ಹೊಯ್ಗೆ ಮೇಲೆ ಕಲ್ತದ್ದು ನೀನು,” ಅಂದರು. “ಕಾಲು ಎತ್ತಿ ಇಡ್ತೆ.”

ಮರಳ ಮೇಲೆ ಯಾರ ಹತ್ತಿರ ಕಲಿತೆ ಎಂದು ಅವರು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಕೆಲವೇ ವಾರಗಳಲ್ಲಿ ನನಗೆ ನಗುವುದೋ ಅಳುವುದೋ ತಿಳಿಯದಾಯಿತು. ಅದೇ ಓರೆ ಸರಿಯುವಿಕೆ, ಅದೇ ತಡೆದು ಹೊಡೆಯುವ ಜೋಡಿ ಕೈ, ಅದೇ ಬೀಳುವಿಕೆ. ನಮ್ಮ ‘ಬಾಗಿಲು ತೆಗೆ’ಗೆ ಇಲ್ಲಿ ಉದ್ದನೆಯ ಜಪಾನಿ ಹೆಸರು, ಅಷ್ಟೆ. ನಿಜವಾದ ವ್ಯತ್ಯಾಸ ಒಂದೇ. ಮರಳಿನಲ್ಲಿ ಪಾದ ಹೂತುಹೋಗುತ್ತದೆ ಎಂದು ನಾವು ಎತ್ತಿ ಇಡುತ್ತಿದ್ದೆವು. ಇವರು ಸಿಮೆಂಟಿನ ಮೇಲೆ ಜಾರಿಸುತ್ತಿದ್ದರು. ಗುರುವಿನ ಹೆಜ್ಜೆ ಎಂದು ಇಬ್ಬರೂ ಕಾದಾಡಿದ್ದು ಇದಕ್ಕೇ.

ಅದನ್ನು ಮಾಸ್ತರಿಗೆ ಹೇಳಿದ ಭಾನುವಾರ ಅವರು ತಮ್ಮ ಪಾದಗಳನ್ನೇ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

“ಹಂಗಾರೆ ಇಷ್ಟ್ ವರ್ಷ ನಾವು ಜಗಳಾಡಿದ್ದು ನೆಲಕ್ಕಾ ತಂಗೀ?”

ಅಂದಿನಿಂದ ಅಂಕೋಲೆಯ ಮೇಲಿನ ಬೈಗುಳ ಹೋಗಿ ವಿಚಾರಣೆ ಶುರುವಾಯಿತು. ಅವನ ಎಡ ಭುಜ ಒಮ್ಮೆ ಕೀಲು ತಪ್ಪಿತ್ತು, ಈಗ ಪೂರ್ತಿ ಏಳುತ್ತದೆಯೇ? ಇತ್ತ ಅಂಕೋಲೆಯ ಸರ್ ಕ್ಲಾಸು ಮುಗಿದ ಮೇಲೆ ಬಾಗಿಲಿಗೆ ಬೀಗ ಹಾಕುತ್ತಾ, ಅವನ ಮಂಡಿ ಹೇಗಿದೆ ಎಂದು ಬೇರೆಲ್ಲೋ ನೋಡಿಕೊಂಡು ಕೇಳುತ್ತಿದ್ದರು. ಭುಜದ ಸುದ್ದಿ ಕಾರವಾರಕ್ಕೆ, ಮಂಡಿಯ ಸುದ್ದಿ ಅಂಕೋಲೆಗೆ ನಾನು ಒಯ್ಯುತ್ತಿದ್ದೆ. ಹೋಗಿ ಬನ್ನಿ ಅಂದರೆ ಮಾತ್ರ ಇಬ್ಬರೂ ಕಿವುಡರು.

ಆಮೇಲೆ ಮಾಸ್ತರಿಗೆ ಹೊಟ್ಟೆಯ ಕಾಯಿಲೆ ಬಂತು. ದೊಡ್ಡ ಆಸ್ಪತ್ರೆಯವರು ನೋಡಿ ಮನೆಗೆ ಕರೆದುಕೊಂಡು ಹೋಗಿ ಎಂದರು. ಅವರ ದಪ್ಪ ಮೈ ಇಳಿದ ರೀತಿ ನೋಡಲಾಗುತ್ತಿರಲಿಲ್ಲ. ಒಂದು ಭಾನುವಾರ ನನ್ನನ್ನು ಹತ್ತಿರ ಕರೆದರು.

“ಅವಂಗೆ ಬರೂಕೆ ಹೇಳು. ನಾನೇ ಮೊದ್ಲು ತಲೆ ಬಗ್ಗಿಸ್ತೆ. ನಾನೇ ಸಣ್ಣಂವ ಅಂದ ಅಂತ ಹೇಳು.”

ಅಂದೇ ಸಂಜೆ ಅಂಕೋಲೆಯ ಸರ್ ಮನೆಗೆ ಹೋಗಿ ಹೇಳಿದೆ. ಅವರ ಕಣ್ಣು ತುಂಬಿತು. ಅವನೇಕೆ ಬಾಗಬೇಕು, ಬಾಗುವವನು ನಾನು ಅಂದರು. ನನಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಈಗಲೇ ಹೊರಡಿ ಅಂದೆ. ಮಾಸ್ತರು ಎದ್ದು ಕೂರುತ್ತಾರೆಯೇ ಎಂದು ಕೇಳಿದರು. ಇಲ್ಲ, ಮಲಗಿಯೇ ಇದ್ದಾರೆ ಎಂದೆ.

“ಮಲಗ್ದವ್ರಿಗೆ ನಮಸ್ಕಾರ ಮಾಡೂದಿಲ್ಲ ತಂಗೀ. ಅದು ಹೆಣಕ್ಕೆ ಮಾಡೂದು. ಅಂವ ಒಂಚೂರು ಎದ್ದು ಕೂತ್ಕಳ್ಳಲಿ, ಬತ್ತೆ.”

ನಮಸ್ಕಾರ ಆಮೇಲಾಗಲಿ, ಸುಮ್ಮನೆ ಹೋಗಿ ಹತ್ತಿರ ಕೂರಿ ಎಂದು ಅಂಗಲಾಚಿದೆ. ಬಾಗದೆ ಅವನ ಹೊಸಿಲು ದಾಟುವುದು ಹೇಗೆ ಎಂದರು. ಮಾಸ್ತರಿಗೆ ಈ ಮಾತು ಮುಟ್ಟಿಸಿದೆ. ಅವರು ಮರುದಿನದಿಂದ ಬೆನ್ನಿಗೆ ದಿಂಬು ಕೊಡಿಸಿಕೊಂಡು ಕೂರಲು ನೋಡುತ್ತಿದ್ದರಂತೆ. ಕೂತಲ್ಲೇ ಬೆವರಿ ಪಕ್ಕಕ್ಕೆ ವಾಲುತ್ತಿದ್ದರಂತೆ. ಒಂದು ಸಂಜೆ, ಇವತ್ತು ಸ್ವಲ್ಪ ಹೊತ್ತು ಕೂತರು ಎಂದು ಮನೆಯವರು ಫೋನು ಮಾಡಿದರು. ನಾನು ಓಡಿಹೋಗಿ ಹೇಳಿದೆ. ಸರ್ ಆ ರಾತ್ರಿಯೇ ತಮ್ಮ ಕೆಂಪೋದ ಬಿಳಿ ಉಡುಪಿಗೆ ಇಸ್ತ್ರಿ ಹಾಕಿಸಿದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವುದೆಂದು ಮಾತಾಯಿತು.

ನಾವು ಇಳಿದು ಓಣಿಗೆ ಬರುವಾಗಲೇ ಮನೆಯ ಮುಂದೆ ಜನ ಸೇರಿದ್ದರು... ಬೆಳಗಿನ ಜಾವ ಜೀವ ಹೋಗಿತ್ತಂತೆ, ಮಾಸ್ತರನ್ನು ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಸರ್ ಚೀಲದಲ್ಲಿದ್ದ ಉಡುಪನ್ನು ತೆಗೆಯಲಿಲ್ಲ. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಮುಷ್ಟಿಗೆ ಅಂಗೈ ಮುಚ್ಚಿ, ಸೊಂಟದಿಂದ ಬಾಗಿದರು. ಮತ್ತೆ ಏಳಲಿಲ್ಲ. ಯಾರೋ ಇಬ್ಬರು ಭುಜ ಹಿಡಿದು ಎತ್ತಬೇಕಾಯಿತು. ನಾನು ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದಿದ್ದೆ. ಆಗಲಿಲ್ಲ, ಅತ್ತುಬಿಟ್ಟೆ.

ದಂಡೆಯ ಮಕ್ಕಳು ಕೆಲವರು ಈಗ ಅಂಕೋಲೆಗೇ ಬರುತ್ತಾರೆ. ಕಾಲು ಎತ್ತಿ ಇಟ್ಟರೂ ಸರ್ ತಿದ್ದುವುದಿಲ್ಲ. ಭಾನುವಾರಗಳಲ್ಲಿ ನನಗೆ ಹೋಗಲು ಮನೆಯಿಲ್ಲ. ಮಾಸ್ತರಷ್ಟು ಕಾಳಜಿಯಿಂದ ನನ್ನನ್ನು ಬೈಯುವವರೂ ಇಲ್ಲ. ಈಗ ಸರ್ ಕ್ಲಾಸಿನ ಬಾಗಿಲಲ್ಲೇ ನಿಂತಿರುತ್ತಾರೆ. ಯಾರೇ ಒಳಗೆ ಬರಲಿ, ನಿನ್ನೆ ಸೇರಿದ ಮಗುವೇ ಆಗಲಿ, ಅದು ಕೈ ಎತ್ತುವ ಮೊದಲೇ ಅವರು ಬಾಗಿರುತ್ತಾರೆ. ಎಂಥ ದೊಡ್ಡ ಗುಣ ಎಂದು ಪಾಲಕರು ನನ್ನ ಹತ್ತಿರ ಹೊಗಳುತ್ತಾರೆ. ನಾನು ಹೌದು ಅನ್ನುತ್ತೇನೆ. ಜೀವವಿದ್ದಾಗ ಆ ಮಲಗಿದ್ದ ಮನುಷ್ಯನ ಎದುರು ಒಂದೇ ಒಂದು ಸಲ ಹೀಗೆ ಬಾಗಿದ್ದರೆ ಸಾಕಿತ್ತು.